ಕೋವಿಯ ಮರಕ್ಕೂ ಆರೈಕೆ ಬೇಕು: ಮೆರುಗು ಯಾವುದೆಂದು ಮೊದಲು ತಿಳಿಯಿರಿ

ಮಲೆನಾಡು, ಕೊಡಗು ಮತ್ತು ಘಟ್ಟದ ಕೆಳಗಿನ ತೋಟದ ಮನೆಗಳಲ್ಲಿ ಕೋವಿ ಎಂಬುದು ಕತ್ತಿ, ಗುದ್ದಲಿ, ಪಂಪ್‌ಸೆಟ್ಟುಗಳ ಸಾಲಿಗೆ ಸೇರಿದ ವಸ್ತು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆ, ತಾತನ ಕಾಲದಿಂದ ಬಂದ ಜೋಡುನಳಿಗೆ, ಅಪರೂಪಕ್ಕೆ ಒಂದು ಕೇಪಿನ ತುಂಬುಕೋವಿ, ಹೀಗೆ ಏನಾದರೊಂದು ಗೋಡೆಯ ಮೂಲೆಯಲ್ಲಿ ನಿಂತಿರುತ್ತದೆ. ನಳಿಗೆಗೆ ಎಣ್ಣೆ ಹಾಕಬೇಕೆಂಬುದು ಎಲ್ಲರಿಗೂ ಗೊತ್ತು. ತುಕ್ಕು ಕಣ್ಣಿಗೆ ಕಾಣುತ್ತದೆ, ಕೈಗೆ ಹತ್ತುತ್ತದೆ. ಆದರೆ ಮರ ಹಾಗಲ್ಲ. ಅದು ಮೂಕ ದನದಂತೆ ಹತ್ತಾರು ವರ್ಷ ಸಹಿಸಿಕೊಂಡಿದ್ದು, ಒಂದು ದಿನ ಈಡು ಹೊಡೆದಾಗ ಕೈಯಲ್ಲೇ ಸೀಳುತ್ತದೆ.

ಮರದ ಕಡೆ ಗಮನ ಕೊಡುವವರೂ ಇಲ್ಲದಿಲ್ಲ. ಅವರಲ್ಲಿ ಅನೇಕರು ಕೊಬ್ಬರಿ ಎಣ್ಣೆ ಸವರುತ್ತಾರೆ. ಇಲ್ಲವೇ ಬಡಗಿಯನ್ನು ಕರೆದು, ಮರಳು ಕಾಗದದಿಂದ ಚೆನ್ನಾಗಿ ಉಜ್ಜಿಸಿ, ಬಾಗಿಲಿಗೆ ಬಳಿದು ಮಿಕ್ಕಿದ ವಾರ್ನಿಷನ್ನು ಬಳಿಸುತ್ತಾರೆ. ಎರಡರಿಂದಲೂ ಕೋವಿಗೆ ಕೇಡು. ಯಾವ ಮರಕ್ಕೆ ಮೊದಲು ಯಾವ ಮೆರುಗು ಹಾಕಿದ್ದಾರೆಂದು ತಿಳಿಯದೆ ಮೇಲೊಂದು ಬಳಿಯುವುದು, ಮಣ್ಣು ನೋಡದೆ ಗೊಬ್ಬರ ಸುರಿದ ಹಾಗೆ.

ಭುಜಕ್ಕೆ ಒತ್ತಿಕೊಳ್ಳುವ ಹಿಂದಿನ ಮರವನ್ನು ಅಂಗಡಿಯವರು ಸ್ಟಾಕ್ ಅಥವಾ ಬಟ್ ಎನ್ನುತ್ತಾರೆ. ಇಲ್ಲಿ ಅದನ್ನು ಹಿಡಿಮರ ಎಂದೇ ಕರೆಯೋಣ. ನಳಿಗೆಯ ಅಡಿಯಲ್ಲಿ ಎಡಗೈ ಹಿಡಿಯುವುದು ಮುಂದಿನ ಮರ. ಒಳ್ಳೆಯ ಕೋವಿಗಳಲ್ಲಿ ಇವೆರಡೂ ಅಕ್ರೋಟ್ ಮರದವು. ನಾವು ತಿನ್ನುವ ಅಕ್ರೋಟಿನ ಮರವೇ ಇದು. ನಮ್ಮ ದೇಶದಲ್ಲಿ ಕಾಶ್ಮೀರದ್ದು ಹೆಸರುವಾಸಿ. ಈ ಮರ ಹಗುರ, ಗಟ್ಟಿ. ಹದವಾಗಿ ಒಣಗಿಸಿದ ಮೇಲೆ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಯುರೋಪಿನ ಅಗ್ಗದ ಕೋವಿಗಳಿಗೆ ಬೀಚ್ ಮರ ಹಾಕಿ ಕಂದು ಬಣ್ಣ ಬಳಿದು ಅಕ್ರೋಟಿನಂತೆ ಕಾಣಿಸುತ್ತಿದ್ದರು. ಇಂಥ ಮರವನ್ನು ಉಜ್ಜಿದರೆ ಬಣ್ಣ ಹೋಗಿ ಬಿಳಿಚಿಕೊಂಡ ಮರ ಹೊರಬರುತ್ತದೆ. ಆಮೇಲೆ ಪೇಚಾಡಿ ಫಲವಿಲ್ಲ.

ಮೊದಲು ಕೋವಿ ಬರಿದು ಮಾಡಿ

ಏನು ಮಾಡುವುದಕ್ಕೂ ಮೊದಲು ಕೋವಿಯನ್ನು ಮುರಿದು ತೆರೆದು ಎರಡೂ ನಳಿಗೆಗಳಲ್ಲಿ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ತುಂಬುಕೋವಿಯಾದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಮದ್ದು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಮೊದಲು ಕೇಪು ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಅನಂತರ ಮೂತಿಯಿಂದ ಮುಖ ದೂರವಿಟ್ಟು ಗಜದ ಕೋಲನ್ನು ನಳಿಗೆಯೊಳಗೆ ತಳದವರೆಗೆ ಬಿಡಿ, ಮೂತಿಯ ಮಟ್ಟದಲ್ಲಿ ಗುರುತು ಹಾಕಿ ಹೊರತೆಗೆಯಿರಿ. ಅದೇ ಕೋಲನ್ನು ನಳಿಗೆಯ ಹೊರಗೆ ಹಿಡಿದು ಅಳೆಯಿರಿ. ಕೇಪು ಕೂರುವ ಜಾಗಕ್ಕಿಂತ ನಾಲ್ಕು ಬೆರಳು ಮುಂದೆಯೇ ಕೋಲು ನಿಂತರೆ ಒಳಗೆ ಮದ್ದಿದೆ ಎಂದೇ ತಿಳಿಯಬೇಕು. ಮುಂದಿನ ಕೆಲಸ ಬಿಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರಿಂದ ಅದನ್ನು ತೆಗೆಸಿ. ಎಷ್ಟೋ ವರ್ಷದ ಹಿಂದೆ ತುಂಬಿಟ್ಟ ಮದ್ದೂ ಹತ್ತಿಕೊಳ್ಳಬಲ್ಲದು.

ಕಣ್ಣು ಹೇಳುವ ಮಾತು

ಕೋವಿಯ ಮರಕ್ಕೆ ಹಾಕುವ ಮೆರುಗುಗಳು ಮುಖ್ಯವಾಗಿ ಎರಡು ಜಾತಿ: ಮರದ ಒಳಗೆ ಇಳಿಯುವುವು, ಮರದ ಮೇಲೆ ಕೂರುವುವು. ಎಣ್ಣೆಯ ಮೆರುಗು ಮೊದಲನೆಯ ಜಾತಿ. ಅರಗು, ವಾರ್ನಿಷ್, ಲ್ಯಾಕರ್, ಪಾಲಿಯುರಿಥೇನ್ ಎರಡನೆಯ ಜಾತಿ.

ಹಿಡಿಮರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮರದ ಸಣ್ಣ ಸಣ್ಣ ರಂಧ್ರಗಳು ಕಾಣುತ್ತಿದ್ದು, ಹೊಳಪು ಮಂದವಾಗಿ, ಮುಟ್ಟಿದರೆ ಮರವನ್ನೇ ಮುಟ್ಟಿದಂತಿದ್ದರೆ ಅದು ಬಹುಮಟ್ಟಿಗೆ ಎಣ್ಣೆಯ ಮೆರುಗು. ಗಾಜಿನ ಹಾಳೆ ಹೊದಿಸಿದಂತೆ ಹೊಳೆಯುತ್ತಿದ್ದು, ಗೀರು ಬಿದ್ದಲ್ಲಿ ಬಿಳಿಗೆರೆ ಕಾಣುತ್ತಿದ್ದರೆ ಅದು ಮೇಲೆ ಕೂತ ಲೇಪ. ತಟ್ಟು ಬಿದ್ದಲ್ಲಿ ಚಕ್ಕೆ ಎದ್ದು ಅಂಚು ಉಗುರಿಗೆ ಸಿಕ್ಕುವಂತಿದ್ದರೆ ಸಂಶಯವೇ ಬೇಡ. ಹಳೆಯ ವಾರ್ನಿಷ್ ಮೊಸಳೆಯ ಚರ್ಮದಂತೆ ಬಿರುಕು ಬಿಡುವುದುಂಟು. ಒದ್ದೆ ಕೈ ಅಥವಾ ನೀರು ತಾಗಿದ ಕಡೆ ಮಂಜಿನಂಥ ಬಿಳಿ ಕಲೆ ಕೂತಿದ್ದರೆ ಅರಗಿನ ಮೇಲೆ ಅನುಮಾನ ಪಡಿ.

ಕೋವಿಯ ಹುಟ್ಟೂರೂ ಸುಳಿವು ಕೊಡುತ್ತದೆ. ನಳಿಗೆಯ ಬುಡದ ಅಡಿಯಲ್ಲಿ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇದ್ದರೆ ಅದು ಇಂಗ್ಲೆಂಡಿನಿಂದ ಬಂದದ್ದಿರಬಹುದು. ಅಲ್ಲಿಯ ಪರೀಕ್ಷಾಲಯ 1813ರಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿದೆ. ಇಂಗ್ಲೆಂಡಿನ ಹಳೆಯ ಕೋವಿಗಳಿಗೆ ಅಗಸೆ ಎಣ್ಣೆಯ ಮೆರುಗೇ ಹೆಚ್ಚು. ಆಲ್ಕನೆಟ್ ಎಂಬ ಗಿಡದ ಬೇರನ್ನು ಎಣ್ಣೆಯಲ್ಲಿ ನೆನೆಸಿ ಕೆಂಪು ಛಾಯೆ ಬರಿಸುತ್ತಿದ್ದರು. ನಮ್ಮ ದೇಶದಲ್ಲಿ ಬಿಹಾರದ ಮುಂಗೇರ್, ಜಮ್ಮು ಮುಂತಾದೆಡೆ ತಯಾರಾದ ಕೋವಿಗಳಲ್ಲಿ ಸ್ಪಿರಿಟ್ ಪಾಲಿಶ್ ಇರಬಹುದು, ವಾರ್ನಿಷ್ ಇರಬಹುದು. ಮೇಲಾಗಿ, ಐವತ್ತು ವರ್ಷದಲ್ಲಿ ಯಾರು ಯಾರು ಏನು ಬಳಿದಿದ್ದಾರೋ ಹೇಳಲಾಗದು. ಆದ್ದರಿಂದ ಊಹೆ ಸಾಲದು, ಪರೀಕ್ಷೆ ಬೇಕು.

ನಾಲ್ಕು ಹನಿಯ ಪರೀಕ್ಷೆ

ಪರೀಕ್ಷೆಯನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಮಾಡಬೇಕು. ಭುಜಕ್ಕೆ ತಾಗುವ ತುದಿಯಲ್ಲಿ ಕೊಂಬಿನದೋ ರಬ್ಬರಿನದೋ ಲೋಹದ್ದೋ ಒಂದು ಪಟ್ಟಿ ಇರುತ್ತದೆ. ಅದರ ಪಕ್ಕಕ್ಕೆ ಹೊಂದಿಕೊಂಡ, ಕೆಳಮೂಲೆಯ ಒಂದು ಕಾಳಿನಗಲದ ಜಾಗ ಸಾಕು. ಬೇಕಾದದ್ದು ಕಿವಿಗೆ ಹಾಕುವ ಹತ್ತಿಕಡ್ಡಿ, ಸ್ವಲ್ಪ ಅಗಸೆ ಎಣ್ಣೆ, ಬಡಗಿಗಳು ಬಳಸುವ ಪಾಲಿಶ್ ಸ್ಪಿರಿಟ್, ಬಣ್ಣದ ಅಂಗಡಿಯ ಎನ್.ಸಿ. ಥಿನ್ನರ್. ಸ್ಪಿರಿಟ್ ವಿಷ, ಥಿನ್ನರ್ ಬೆಂಕಿಗೆ ಹತ್ತಿರದ ನೆಂಟ. ಒಲೆಯಿಂದ, ಬೀಡಿಯಿಂದ, ಮಕ್ಕಳಿಂದ ದೂರವಿಟ್ಟುಕೊಂಡು ಜಗಲಿಯಲ್ಲಿ ಕೂತು ಮಾಡಿ.

ಮೊದಲಿಗೆ ಆ ಜಾಗವನ್ನು ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ ಕೊಳೆ, ಮೇಣ ತೆಗೆಯಿರಿ. ಒಣಗಿದ ಮೇಲೆ ಒಂದು ಹನಿ ಅಗಸೆ ಎಣ್ಣೆ ಇಟ್ಟು ಬೆರಳಿನಿಂದ ಉಜ್ಜಿ. ಹೀರಿಕೊಂಡರೆ ಅದು ಎಣ್ಣೆಯ ಮೆರುಗು, ಅಥವಾ ಮೆರುಗೆಲ್ಲ ಸವೆದು ಬರೀ ಮರ ಉಳಿದಿದೆ. ಎರಡಕ್ಕೂ ಚಿಕಿತ್ಸೆ ಒಂದೇ. ಕೆಸುವಿನೆಲೆಯ ಮೇಲಿನ ನೀರಿನಂತೆ ಹಾಗೆಯೇ ನಿಂತರೆ ಮೇಲೆ ಲೇಪವಿದೆ; ಮುಂದಕ್ಕೆ ಹೋಗಿ.

ಎಣ್ಣೆ ಒರೆಸಿ, ಹತ್ತಿಕಡ್ಡಿಗೆ ಸ್ಪಿರಿಟ್ ತಾಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆತ್ತಗಾಗಿ ಅಂಟಿಕೊಂಡು ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗು. ಏನೂ ಆಗದಿದ್ದರೆ ಥಿನ್ನರ್ ತಾಗಿಸಿ. ಅಂಟಂಟಾಗಿ ಕರಗಿದರೆ ಲ್ಯಾಕರ್. ಕರಗದೆ ಕೆನೆಯಂತೆ ಸುಕ್ಕುಗಟ್ಟಿ ಎದ್ದರೆ ಎಣ್ಣೆ ಬೆರೆತ ವಾರ್ನಿಷ್. ಥಿನ್ನರಿಗೂ ಜಗ್ಗದೆ ಕೂತಿದ್ದರೆ ಪಾಲಿಯುರಿಥೇನ್ ಅಥವಾ ಈಗಿನ ಬಡಗಿಗಳು ಹೊಡೆಯುವ ಮೆಲಮೈನ್‌ನಂಥ ಗಟ್ಟಿ ಲೇಪ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಥಿನ್ನರ್ ಅರಗನ್ನೂ ಮೆತ್ತಗೆ ಮಾಡುವುದರಿಂದ ಮೊದಲೇ ಅದನ್ನು ಹಾಕಿದರೆ ಯಾವುದು ಯಾವುದೆಂದು ತಿಳಿಯದೆ ಹೋಗುತ್ತದೆ.

ಕೊಬ್ಬರಿ ಎಣ್ಣೆ ಏಕೆ ಬೇಡ, ಅಗಸೆ ಎಣ್ಣೆ ಏಕೆ ಬೇಕು

ವಿಜಯಪುರ, ಕಲಬುರಗಿ, ಧಾರವಾಡದ ಕಡೆಯ ಓದುಗರಿಗೆ ಅಗಸೆಯ ಪರಿಚಯ ಹೇಳಬೇಕಾಗಿಲ್ಲ. ಹಿಂಗಾರಿನಲ್ಲಿ ಎರೆಭೂಮಿಯಲ್ಲಿ ಬೆಳೆಯುವ ನೀಲಿ ಹೂವಿನ ಬೆಳೆ, ಮನೆಯಲ್ಲಿ ಚಟ್ನಿಪುಡಿ. ಅದರ ಎಣ್ಣೆಯ ವಿಶೇಷವೆಂದರೆ ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ನೀರು ಆರುವಂತೆ ಆವಿಯಾಗಿ ಹೋಗುವುದಲ್ಲ, ಎಣ್ಣೆಯೇ ಮರದೊಳಗೆ ಹೆಪ್ಪುಗಟ್ಟಿ ನಿಲ್ಲುವುದು. ಒಂದು ಎಣ್ಣೆಗೆ ಈ ಗುಣ ಎಷ್ಟಿದೆ ಎಂಬುದನ್ನು ಅಯೋಡಿನ್ ಸಂಖ್ಯೆಯಿಂದ ಅಳೆಯುತ್ತಾರೆ. ಅಗಸೆಗೆ ಅದು ಸಾಮಾನ್ಯವಾಗಿ 170ಕ್ಕೂ ಹೆಚ್ಚು. ಕುಸುಬೆಗೆ 140ರ ಆಸುಪಾಸು, ಕಡಲೆಕಾಯಿ ಎಣ್ಣೆಗೆ 100ರ ಹತ್ತಿರ. ಕೊಬ್ಬರಿ ಎಣ್ಣೆಗೆ ಬರೀ 10ರ ಆಚೀಚೆ. ಎಂದರೆ ಕೊಬ್ಬರಿ ಎಣ್ಣೆ ಎಂದೆಂದಿಗೂ ಗಟ್ಟಿಯಾಗುವುದಿಲ್ಲ. ಅದು ಧೂಳು ಹಿಡಿದು, ಕಮಟು ವಾಸನೆ ಬಂದು, ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ. ತಲೆಗೆ ಹಚ್ಚಿಕೊಳ್ಳಿ, ಕೋವಿಗೆ ಬೇಡ.

ಅಗಸೆ ಎಣ್ಣೆ ಎರಡು ರೂಪದಲ್ಲಿ ಸಿಗುತ್ತದೆ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ, ಮಳೆಗಾಲದಲ್ಲಿ ವಾರಗಟ್ಟಲೆ ಬೇಕು. ಹುಡುಗರು ಕ್ರಿಕೆಟ್ ಬ್ಯಾಟಿಗೆ ಸವರುವುದು ಸಾಮಾನ್ಯವಾಗಿ ಇದನ್ನೇ. ಬಣ್ಣದ ಅಂಗಡಿಯಲ್ಲಿ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಎಂದು ಕೇಳಿದರೆ ಸಿಗುವ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ. ತೆಳುವಾಗಿ ಹಚ್ಚಿದರೆ ಒಂದು ದಿನದಲ್ಲಿ ಒಣಗುತ್ತದೆ. ಕೋವಿಗೆ ಇದೇ ಅನುಕೂಲ. ಹಸಿ ಎಣ್ಣೆಯನ್ನು ಮನೆಯಲ್ಲಿ ಕುದಿಸಿದರೆ ಇದಾಗುತ್ತದೆಂದು ಭಾವಿಸಿ ಬಾಣಲೆ ಒಲೆಗೇರಿಸಬೇಡಿ. ಲವಣಗಳಿರುವ ಎಣ್ಣೆಯನ್ನು ಅಡಿಗೆಗೂ ದನಕ್ಕೂ ಬಳಸಬಾರದು. ಬಾಟಲಿಗೆ ಚೀಟಿ ಅಂಟಿಸಿಡಿ.

ಹಚ್ಚುವ ವಿಧಾನದಲ್ಲಿ ಕೈ ಬಿಗಿ ಇರಬೇಕು. ಕೊಳೆಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಒಂದು ದಿನ ಆರಲು ಬಿಟ್ಟು, ಮೂರು ನಾಲ್ಕು ಹನಿ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ತಿಕ್ಕಿ. ಇಡೀ ಹಿಡಿಮರಕ್ಕೆ ಇಷ್ಟೇ ಸಾಕು. ಹತ್ತು ನಿಮಿಷದ ನಂತರ ಒಣ ಬಟ್ಟೆಯಿಂದ ಏನೂ ಉಳಿಯದಂತೆ ಒರೆಸಿಬಿಡಿ. ಒರೆಸದೆ ಬಿಟ್ಟ ಎಣ್ಣೆ ಬೆಲ್ಲದ ಪಾಕದಂತೆ ಅಂಟಾಗಿ ಕೂರುತ್ತದೆ. ಮರುದಿನ ಕೈಗೆ ಅಂಟಿಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಂದು ಸಲ. ಇಂಗ್ಲೆಂಡಿನ ಹಳೆಯ ಕೆಲಸಗಾರರಲ್ಲಿ ಒಂದು ಲೆಕ್ಕ ಬಳಕೆಯಲ್ಲಿತ್ತು: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ. ಬರಿದಾದ ಮರಕ್ಕೆ ಇದು ಸರಿ. ಸುಸ್ಥಿತಿಯಲ್ಲಿರುವ ಮರಕ್ಕೆ ವರ್ಷಕ್ಕೆ ಒಂದೋ ಎರಡೋ ಸಲ ಸಾಕು. ಕೈ ಜಾರದಂತೆ ಚೌಕುಳಿ ಗೆರೆ ಕೆತ್ತಿದ ಜಾಗಕ್ಕೆ ಎಣ್ಣೆ ಸುರಿಯಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳೆ ತೆಗೆದು, ಅದೇ ಬ್ರಷ್ಷಿನ ತುದಿಗೆ ತಾಗಿದಷ್ಟು ಎಣ್ಣೆ ಸವರಿ.

ಅಗಸೆ ಎಣ್ಣೆಯೊಂದೇ ಮಲೆನಾಡಿನ ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ತೇವವನ್ನು ಅದು ನಿಧಾನವಾಗಿ ಒಳಬಿಡುತ್ತದೆ. ಅದಕ್ಕೆ ಮೇಲೊಂದು ಮೇಣದ ಕೈ ಬೇಕು. 50 ಗ್ರಾಂ ಶುದ್ಧ ಜೇನುಮೇಣವನ್ನು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಒಲೆಯಿಂದ ದೂರ, ಅಂಗಳಕ್ಕೆ ತಂದ ಮೇಲೆಯೇ 150 ಮಿ.ಲೀ. ಟರ್ಪೆಂಟೈನ್ ಬೆರೆಸಿ ಕಲಕಿ. ಆರಿದರೆ ಬೆಣ್ಣೆಯಂಥ ಮುಲಾಮು. ಜೇನು ಸಾಕುವ ಮನೆಯಲ್ಲಿ ಖರ್ಚೂ ಇಲ್ಲ. ಈ ಮೇಣ ಎಣ್ಣೆಗೂ ಸರಿ, ಅರಗಿಗೂ ಸರಿ, ಪಾಲಿಯುರಿಥೇನಿಗೂ ಸರಿ.

ಎಣ್ಣೆ ಬಟ್ಟೆಯಿಂದ ಬೆಂಕಿ

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಶಾಖ ಒಳಗೇ ಕೂಡಿ, ಕೆಲವೇ ಗಂಟೆಗಳಲ್ಲಿ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಒದ್ದೆ ಹುಲ್ಲನ್ನು ಒಟ್ಟಿದರೆ ಬಣವೆ ಒಳಗೇ ಕಾಯುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಶಾಖಕ್ಕೆ ಹೊರದಾರಿ ಇಲ್ಲದಿರುವುದೇ ಕಾರಣ, ಆದರೆ ಕಾವು ಏರುವ ವೇಗ ಹೆಚ್ಚು. ಹುಲ್ಲಟ್ಟ, ಕೊಟ್ಟಿಗೆ, ಅಡಕೆ ಸಿಪ್ಪೆಯ ರಾಶಿ ಇರುವ ಮನೆಯಲ್ಲಿ ಒಂದು ಚಿಂದಿ ಬಟ್ಟೆ ಸಾಕು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಒಂದೇ ಪದರವಾಗಿ ಹರಡಿ ಪೂರ್ತಿ ಒಣಗಿಸಿ. ಸೆಟೆದು ಕಾಗದದಂತಾದ ಮೇಲೆ ಹೂಳಬಹುದು.

ಅರಗು, ಗಟ್ಟಿ ಲೇಪ

ಅರಗಿನ ಮೆರುಗು ಪರದೇಶದ್ದೆಂದು ತಿಳಿಯಬೇಡಿ. ಮುತ್ತುಗ ಮುಂತಾದ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟು ಇದು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಇದೇ. ಇದರ ದೊಡ್ಡ ಗುಣವೆಂದರೆ ಹೊಸ ಅರಗು ಹಳೆಯ ಅರಗನ್ನು ಕರಗಿಸಿಕೊಂಡು ಒಂದಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕೆರೆಯುವ ಅಗತ್ಯವಿಲ್ಲ. 30 ಗ್ರಾಂ ಅರಗಿನ ಚಕ್ಕೆಯನ್ನು 250 ಮಿ.ಲೀ. ಪಾಲಿಶ್ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ಸವೆದ ಜಾಗಕ್ಕೆ ತೆಳುವಾಗಿ ಎಳೆಯಿರಿ. ಒಣ ಹವೆಯ ದಿನ ಆರಿಸಿಕೊಳ್ಳಿ. ಜಿಟಿಜಿಟಿ ಮಳೆಯಲ್ಲಿ ಮಾಡಿದರೆ ಬಿಳಿ ಮಂಜು ಕೂರುತ್ತದೆ. ನೀರಿನ ಬಿಳಿ ಕಲೆಯನ್ನು ಸ್ಪಿರಿಟ್ ಸೋಂಕಿದ ಬಟ್ಟೆಯಿಂದ ಮೃದುವಾಗಿ ಒಂದೆರಡು ಸಲ ಸವರಿದರೆ ಅನೇಕ ವೇಳೆ ಹೋಗುತ್ತದೆ. ವರ್ಷಗಟ್ಟಲೆ ಇಟ್ಟ ದ್ರಾವಣ ಸರಿಯಾಗಿ ಒಣಗದು, ಬೇಕಾದಾಗ ಬೇಕಾದಷ್ಟೇ ಮಾಡಿ.

ಪಾಲಿಯುರಿಥೇನ್, ಮೆಲಮೈನ್ ಇದ್ದರೆ ಎಣ್ಣೆ ತಿಕ್ಕುವುದು ವ್ಯರ್ಥ, ಒಳಗಿಳಿಯುವುದೇ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮೇಣ ಸವರಿದರೆ ಆಯಿತು. ಆದರೆ ಚಕ್ಕೆ ಎದ್ದ ಜಾಗವನ್ನು ಅಲಕ್ಷಿಸಬೇಡಿ. ಅಲ್ಲಿಂದ ನೀರು ನುಗ್ಗಿ ಲೇಪದಡಿಯಲ್ಲಿ ಹರಡಿ ಇಡೀ ಹಾಳೆಯನ್ನೇ ಎಬ್ಬಿಸುತ್ತದೆ. ಮರ ಚೆನ್ನಾಗಿ ಒಣಗಿದ ಮೇಲೆ ಆ ಗಾಯಕ್ಕೆ ಮಾತ್ರ ಸಣ್ಣ ಕುಂಚದಿಂದ ಪಾಲಿಯುರಿಥೇನ್ ವಾರ್ನಿಷ್ ಇಡಿ. ಇನ್ನೊಂದು ಮಾತು: ಸೊಳ್ಳೆ ಓಡಿಸಲು ಮೈಗೆ ಹಚ್ಚುವ ಕೆಲವು ಮುಲಾಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ವಾರ್ನಿಷ್ ಮತ್ತು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ರಾತ್ರಿ ಕಾವಲಿಗೆ ಹೋಗುವವರು ಕೈ ತೊಳೆದುಕೊಂಡು ಕೋವಿ ಮುಟ್ಟಲಿ.

ಮರಳು ಕಾಗದದ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣ. ಕೋವಿ ಮಾಡಿದವನು ಮರವನ್ನು ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರಕ್ಕೆ ಕೂರಿಸಿರುತ್ತಾನೆ. ಒಂದು ಸಲ ಉಜ್ಜಿದರೆ ಆ ಅಂಚು ಇಳಿಯುತ್ತದೆ, ಚೌಕುಳಿ ಗೆರೆ ಅಳಿಯುತ್ತದೆ, ಮಾರುವಾಗ ಬೆಲೆಯೂ ಇಳಿಯುತ್ತದೆ. ಮರ ತಗ್ಗಿದ ಕಡೆ, ನಾರು ತುಂಡಾಗಿರದಿದ್ದರೆ, ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಕ್ಷಣಕಾಲ ಒತ್ತಿ ತೆಗೆದರೆ ಆವಿಗೆ ನಾರು ಉಬ್ಬಿ ಮೇಲೇಳುತ್ತದೆ. ಎಣ್ಣೆಯ ಮೆರುಗಿಗೆ ಮಾತ್ರ ಈ ಉಪಾಯ. ಲೇಪವಿದ್ದರೆ ಬಿಸಿಗೆ ಬೆಳ್ಳಗಾಗುತ್ತದೆ. ಮರವನ್ನು ಕೋವಿಯಿಂದ ಬಿಚ್ಚಿಯೇ ಈ ಕೆಲಸ ಮಾಡಬೇಕು.

ಮಳೆಗಾಲ, ಪೂಜೆ, ಠಾಣೆ

ಹಿಡಿಮರ ಸೀಳಲು ದೊಡ್ಡ ಕಾರಣ ಮಳೆಯಲ್ಲ, ನಾವೇ ನಳಿಗೆಗೆ ಸುರಿಯುವ ಎಣ್ಣೆ. ಕೋವಿಯನ್ನು ಮೂತಿ ಮೇಲಾಗಿ ನಿಲ್ಲಿಸಿದರೆ ಕುದುರೆ, ಸ್ಪ್ರಿಂಗುಗಳ ಎಣ್ಣೆಯೆಲ್ಲ ವರ್ಷಾನುಗಟ್ಟಲೆ ಇಳಿದು ಲೋಹಕ್ಕೆ ಅಂಟಿದ ಮರದ ತಲೆಯಲ್ಲಿ ನಿಲ್ಲುತ್ತದೆ. ಯಂತ್ರದ ಎಣ್ಣೆ ಗಟ್ಟಿಯಾಗದು; ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಪ್ರತಿ ಈಡಿನ ಒದೆತ ಬೀಳುವುದೂ ಅಲ್ಲಿಯೇ. ನಿಮ್ಮ ಕೋವಿಯಲ್ಲಿ ಆ ಜಾಗ ಕಪ್ಪಗಿದೆಯೇ, ಕೂದಲಿನಂಥ ಬಿರುಕಿದೆಯೇ ಇಂದೇ ನೋಡಿ. ಕಪ್ಪು ಮಾತ್ರ ಇದ್ದರೆ ಮರ ಬಿಚ್ಚಿ, ಒಳಮೈಗೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ. ಒಣಗಿದಂತೆ ಪುಡಿ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಉದುರಿಸಿ ಮತ್ತೆ ಮತ್ತೆ ಮಾಡಬೇಕು. ಹೊರಮೈಗೆ ತಾಗದಂತೆ ನೋಡಿಕೊಳ್ಳಿ, ಮೆರುಗು ಕರಗೀತು. ಬಿರುಕಿದ್ದರೆ ಈಡು ಹೊಡೆಯುವುದನ್ನೇ ನಿಲ್ಲಿಸಿ. ಕಿರಿದಾದ ಕತ್ತಿನಲ್ಲಿ ಮರ ಮುರಿದರೆ ಕೈಗೂ ಮುಖಕ್ಕೂ ಅಪಾಯ. ಇನ್ನು ಮುಂದೆ ನಳಿಗೆ ಒರೆಸಿದ ಮೇಲೆ ಮೂತಿ ಕೆಳಗಾಗಿ, ಬಟ್ಟೆಯ ಮೇಲೆ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ.

ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲಿ, ಗೋಣಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ. ತೇವ ಒಳಗೇ ನಿಲ್ಲುತ್ತದೆ. ಒಲೆಯ ಮೇಲಿನ ಅಟ್ಟದಲ್ಲೂ ಬೇಡ. ಅಲ್ಲಿ ಅತಿಯಾಗಿ ಒಣಗಿದ ಮರ ಕುಗ್ಗಿ ಲೋಹದಿಂದ ಸಡಿಲವಾಗುತ್ತದೆ. ಗಾಳಿಯಾಡುವ, ಬೀಗ ಹಾಕಿದ ಕಪಾಟು ಉತ್ತಮ.

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಇಟ್ಟು ಪೂಜಿಸುತ್ತಾರೆ. ಉಳಿದೆಡೆ ಆಯುಧಪೂಜೆ. ಪೂಜೆ ನಡೆಯಲಿ, ಆದರೆ ಒದ್ದೆ ಗಂಧ, ಅರಿಸಿನ, ಕುಂಕುಮ ರಾತ್ರಿಯಿಡೀ ಮರದ ಮೇಲೆ ಕೂತರೆ ಎಣ್ಣೆಯ ಮೆರುಗಿನ ರಂಧ್ರಗಳಲ್ಲಿ ಬಣ್ಣ ಇಳಿಯುತ್ತದೆ, ಅರಗಿನ ಮೇಲೆ ಬಿಳಿ ಕಲೆ ಬೀಳುತ್ತದೆ. ಹಿಂದಿನ ದಿನ ಮೇಣ ಸವರಿಟ್ಟರೆ ಒರೆಸಿದೊಡನೆ ಹೋಗುತ್ತದೆ. ಬೊಟ್ಟನ್ನು ಮರಕ್ಕಿಂತ ಹಿಂಬದಿಯ ಪಟ್ಟಿಗೆ ಇಡುವುದು ಇನ್ನೂ ಲೇಸು.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಬೇಕೆಂಬ ಆದೇಶ ಬರುತ್ತದೆ. ವಾರಗಟ್ಟಲೆ ಅಲ್ಲಿ ನೂರಾರು ಕೋವಿಗಳ ಜೊತೆ ಒರಗಿರಬೇಕು. ಒಪ್ಪಿಸುವ ಮುನ್ನ ನಳಿಗೆಗೆ ತೆಳು ಎಣ್ಣೆ, ಮರಕ್ಕೆ ಎರಡು ಕೈ ಮೇಣ ಹಾಕಿ. ಎಣ್ಣೆ ಹಚ್ಚಿ ಒಣಗದ ಮರವನ್ನು ಕೊಡಬೇಡಿ, ಪಕ್ಕದ ಕೋವಿಗೆ ಅಂಟುತ್ತದೆ. ಈಗಾಗಲೇ ಇರುವ ಗೀರು, ಬಿರುಕುಗಳ ಫೋಟೋ ತೆಗೆದಿಟ್ಟುಕೊಂಡು, ರಸೀದಿಯಲ್ಲಿ ಕೋವಿಯ ನಂಬರು ಸರಿಯಾಗಿದೆಯೇ ನೋಡಿ. ಆ ನಂಬರನ್ನು, ಹೆಸರನ್ನು, ಮುದ್ರೆಯನ್ನು ಉಜ್ಜಿ ಅಳಿಸುವುದು 1959ರ ಆಯುಧ ಕಾಯಿದೆಯಂತೆ ಅಪರಾಧ. ಮರ ಹೊಳಪು ಮಾಡುವ ಭರದಲ್ಲಿ ಕಾಗದ ಅತ್ತ ಜಾರದಿರಲಿ. ಹಾಗೆಯೇ ಇಡೀ ಕೋವಿಯನ್ನು ಊರ ಬಡಗಿಯ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಪರವಾನಗಿ ಇಲ್ಲದವರ ವಶದಲ್ಲಿ ಅದು ಸಿಕ್ಕರೆ ಇಬ್ಬರಿಗೂ ಕಷ್ಟ. ಕೋವಿ ವಾಪಸು ಬಂದ ದಿನ ಒಣ ಬಟ್ಟೆಯಿಂದ ಒರೆಸಿ, ಹಿಂಬದಿಯ ಪಟ್ಟಿಯ ಸ್ಕ್ರೂಗಳನ್ನು ಸಡಿಲಿಸಿ ಒಳಗೆ ತೇವ, ಬೂಷ್ಟು ಇದೆಯೇ ನೋಡಿ. ಇದ್ದರೆ ನೆರಳಿನಲ್ಲಿ ಎರಡು ಮೂರು ದಿನ ಗಾಳಿಗಿಟ್ಟು ಒಣಗಿದ ಮೇಲೆಯೇ ಪಟ್ಟಿಯನ್ನು ಬಿಗಿಮಾಡಿ.